ಕೊಟ್ಟಿಗೆ ಉಳಿಸಿದ ಬೆಟ್ಟಗಳು: ಮರಿನ್ ಕೃಷಿಭೂಮಿ ಟ್ರಸ್ಟಿನ ಕಥೆ

ಸ್ಯಾನ್‌ಫ್ರಾನ್ಸಿಸ್ಕೊದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೊರಟರೆ ಒಂದೂವರೆ ಗಂಟೆಯ ಹೊತ್ತಿಗೆ ಟೊಮಾಲೆಸ್ ಕೊಲ್ಲಿಯ ದಡ ಸಿಗುತ್ತದೆ. ಸ್ಯಾನ್ ಆಂಡ್ರಿಯಾಸ್ ಬಿರುಕಿನ ಗುಂಟ ಸುಮಾರು 15 ಮೈಲಿ ಉದ್ದಕ್ಕೆ ಚಾಚಿಕೊಂಡ ಕಿರಿದಾದ ಕೊಲ್ಲಿ ಇದು. ದಡದಿಂದ ಏರುವ ಬೆಟ್ಟಗಳ ಮೇಲೆ ಮರ ಕಡಿಮೆ, ಹುಲ್ಲು ಹೆಚ್ಚು. ನಮ್ಮ ಮುಂಗಾರಿನ ಲೆಕ್ಕ ಇಲ್ಲಿ ತಲೆಕೆಳಗು. ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಬಂತೆಂದರೆ ಹುಲ್ಲು ಒಣಗಿ ಇಡೀ ಬೆಟ್ಟಸಾಲು ಭತ್ತದ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಅಲ್ಲಲ್ಲಿ ಒಂದು ಕೊಟ್ಟಿಗೆ, ಒಂದು ನೀರಿನ ಹೊಂಡ, ಇಳಿಜಾರಿನಲ್ಲಿ ಮೇಯುವ ಹಸುಗಳು. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ವಾಸಿಸುವ ಮಹಾನಗರ ಪ್ರದೇಶದ ಮಗ್ಗುಲಲ್ಲೇ ಇಷ್ಟು ಬಯಲು ಹೇಗೆ ಉಳಿಯಿತು ಎಂದು ಮೊದಲ ಸಲ ನೋಡಿದವರು ಬೆರಗಾಗುತ್ತಾರೆ.

ಅದು ತಾನಾಗಿ ಉಳಿದದ್ದಲ್ಲ. 1967ರಲ್ಲಿ ಮರಿನ್ ಕೌಂಟಿಯ ಆಡಳಿತ ಒಪ್ಪಿದ ಯೋಜನೆಯ ಪ್ರಕಾರ ಇದೇ ಕೊಲ್ಲಿಯ ಸುತ್ತ ಒಂದು ಲಕ್ಷಕ್ಕೂ ಹೆಚ್ಚು ಜನರ ನಗರ ಏಳಬೇಕಿತ್ತು. ಪೂರ್ವದ ಪಟ್ಟಣಗಳಿಂದ ಕಡಲ ದಂಡೆಗೆ ಅಗಲವಾದ ಹೆದ್ದಾರಿಗಳು ಬೆಟ್ಟ ಸೀಳಿಕೊಂಡು ಬರಬೇಕಿತ್ತು. ದಕ್ಷಿಣಕ್ಕೆ, ಗೋಲ್ಡನ್ ಗೇಟಿನ ಎದುರಿಗಿರುವ ಬೆಟ್ಟಗಳಲ್ಲಿ ಮರಿನ್‌ಚೆಲ್ಲೊ ಎಂಬ ಹೆಸರಿನ, ಸುಮಾರು 30,000 ಜನರ ಮತ್ತೊಂದು ಹೊಸ ಊರಿನ ನಕ್ಷೆಯೂ ಸಿದ್ಧವಾಗಿತ್ತು. ಆ ನಕ್ಷೆಗಳು ಕಾಗದದಲ್ಲೇ ಉಳಿದುದರ ಹಿಂದೆ ಹಲವರ ಹೋರಾಟವಿದೆ. ಆದರೆ ನಕ್ಷೆ ರದ್ದಾದ ಮೇಲೆ ನೆಲವನ್ನು ದಶಕಗಟ್ಟಲೆ ಕಾಪಾಡುವ ಕೆಲಸ ಬೇರೆಯದು. ಆ ಕೆಲಸಕ್ಕೆಂದು 1980ರಲ್ಲಿ ಹುಟ್ಟಿದ ಸಂಸ್ಥೆ ಮರಿನ್ ಅಗ್ರಿಕಲ್ಚರಲ್ ಲ್ಯಾಂಡ್ ಟ್ರಸ್ಟ್. ಅಲ್ಲಿನವರ ಬಾಯಲ್ಲಿ ಅದು ‘ಮಾಲ್ಟ್’. ಅಮೆರಿಕದಲ್ಲಿ ಕೃಷಿಭೂಮಿಯನ್ನು ಉಳಿಸುವುದಕ್ಕೆಂದೇ ಸ್ಥಾಪನೆಯಾದ ಮೊದಲ ಭೂ ಟ್ರಸ್ಟ್ ಅದು.

ಬೆಣ್ಣೆಯ ನಾಡು

ಈ ನೆಲ ಮೊದಲಿಗೆ ಕೋಸ್ಟ್ ಮಿವೋಕ್ ಜನರದು. ಸಾವಿರಾರು ವರ್ಷ ಅವರು ಇಲ್ಲಿ ಬಾಳಿದರು. ಹುಲ್ಲುಗಾವಲಿಗೆ ಹದವರಿತು ಬೆಂಕಿ ಕೊಟ್ಟು ಬಯಲನ್ನು ಬಯಲಾಗಿ ಉಳಿಸಿಕೊಂಡಿದ್ದವರೂ ಅವರೇ. ಸ್ಪ್ಯಾನಿಷ್ ಮಿಷನ್‌ಗಳು, ಆಮೇಲೆ ಮೆಕ್ಸಿಕೊದ ಜಹಗೀರುಗಳು, ಅದರ ಹಿಂದೆಯೇ ಚಿನ್ನದ ಬೇಟೆಗೆ ಬಂದ ಜನಸಾಗರ ಅವರನ್ನು ನೆಲದಿಂದ ಕಿತ್ತುಹಾಕಿದವು.

ಚಿನ್ನ ಹುಡುಕಿ ಬಂದವರಿಗೆ ಬೆಣ್ಣೆ ಬೇಕಾಯಿತು. ಕಡಲ ಮಂಜಿನ ತಂಪಿನಲ್ಲಿ ಹುಲ್ಲು ಬೇಗ ಒಣಗದ, ಕೊಲ್ಲಿಯ ಪಶ್ಚಿಮಕ್ಕಿರುವ ಪಾಯಿಂಟ್ ರೇಯ್ಸ್ ಸುತ್ತಲಿನ ಬೆಟ್ಟಗಳು ಹೈನುಗಾರಿಕೆಗೆ ಹೇಳಿ ಮಾಡಿಸಿದಂತಿದ್ದವು. 1857ರ ಹೊತ್ತಿಗೆ ಶಾಫ್ಟರ್ ಎಂಬ ವಕೀಲ ಮನೆತನ ಇಲ್ಲಿನ ಜಮೀನನ್ನು ಕೈಗೆ ತೆಗೆದುಕೊಂಡು, ಮುಂದೆ ಅದನ್ನು ತುಂಡುಗಳಾಗಿ ಹಂಚಿ, ಒಂದೊಂದು ಡೈರಿಗೂ ಇಂಗ್ಲಿಷ್ ವರ್ಣಮಾಲೆಯ ಒಂದೊಂದು ಅಕ್ಷರದ ಹೆಸರಿಟ್ಟು ಗೇಣಿಗೆ ಕೊಟ್ಟಿತು. 1860ರ ದಶಕದಲ್ಲಿ ಇಡೀ ಕ್ಯಾಲಿಫೋರ್ನಿಯಾದಲ್ಲೇ ಅತಿ ಹೆಚ್ಚು ಬೆಣ್ಣೆ ತೆಗೆಯುತ್ತಿದ್ದ ಕೌಂಟಿ ಮರಿನ್. ಸ್ಕೂನರ್ ಹಡಗುಗಳಲ್ಲಿ ಬೆಣ್ಣೆ ಸ್ಯಾನ್‌ಫ್ರಾನ್ಸಿಸ್ಕೊಗೆ ಸಾಗುತ್ತಿತ್ತು. ಸ್ವಿಟ್ಜರ್ಲೆಂಡಿನ ಇಟಾಲಿಯನ್ ಭಾಷಿಕ ಕಣಿವೆಗಳಿಂದ, ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಗಳಿಂದ, ಐರ್ಲೆಂಡಿನಿಂದ ಬಂದ ಬಡ ಕುಟುಂಬಗಳು ಮೊದಲು ಗೇಣಿದಾರರಾಗಿ ದುಡಿದು, ಒಂದೆರಡು ತಲೆಮಾರಿನಲ್ಲಿ ಜಮೀನಿನ ಮಾಲೀಕರಾದವು. ಇಂದಿಗೂ ಅಲ್ಲಿನ ಕೊಟ್ಟಿಗೆಗಳ ಮೇಲಿರುವ ಹೆಸರುಗಳು ಆ ಮನೆತನಗಳವೇ.

1937ರಲ್ಲಿ ಗೋಲ್ಡನ್ ಗೇಟ್ ಸೇತುವೆ ತೆರೆಯಿತು. ಮಹಾಯುದ್ಧ ಮುಗಿದ ಮೇಲೆ ಪೂರ್ವ ಮರಿನ್‌ನ ಬಯಲುಗಳಲ್ಲಿ ಮನೆಗಳು ಎದ್ದವು. ಹಾಲಿನ ದರ ಗಿಟ್ಟದೆ, ಮಕ್ಕಳು ನಗರದ ಕೆಲಸಕ್ಕೆ ಹೋಗಿ, ಡೈರಿಗಳು ಒಂದೊಂದಾಗಿ ಬಾಗಿಲು ಹಾಕತೊಡಗಿದವು. ಹಸು ಮಾರಿದ ಮನೆಗೆ ಜಮೀನು ಕೊಳ್ಳುವವನು ಬಂದೇ ಬರುತ್ತಿದ್ದ.

ಅರವತ್ತು ಎಕರೆಗೆ ಒಂದು ಮನೆ

ಮೊದಲ ತಡೆ ಒಡ್ಡಿದ್ದು ಕೇಂದ್ರ ಸರ್ಕಾರ. 1962ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕೆನಡಿ ಪಾಯಿಂಟ್ ರೇಯ್ಸ್ ರಾಷ್ಟ್ರೀಯ ಕಡಲತೀರದ ಕಾಯಿದೆಗೆ ಸಹಿ ಹಾಕಿದರು. 1970ರಲ್ಲಿ ಮರಿನ್‌ಚೆಲ್ಲೊ ಯೋಜನೆ ಬಿದ್ದುಹೋಯಿತು. 1972ರಲ್ಲಿ ಆ ಬೆಟ್ಟಗಳು ರಾಷ್ಟ್ರೀಯ ಉದ್ಯಾನದ ಪಾಲಾದವು. ಆದರೆ ಕೊಲ್ಲಿಯ ಪೂರ್ವಕ್ಕಿದ್ದ ಸಾವಿರಾರು ಎಕರೆ ಖಾಸಗಿ ರೈತರದು. ಅಷ್ಟೂ ನೆಲವನ್ನು ಸರ್ಕಾರ ಕೊಳ್ಳುವಂತಿರಲಿಲ್ಲ, ಕೊಂಡರೂ ಅಲ್ಲಿ ಹಸು ಮೇಯಿಸುವವರು ಯಾರು?

1971ರಲ್ಲಿ ಕೌಂಟಿಯ ಯೋಜನಾ ಇಲಾಖೆ ‘ಕೊನೆಯ ತಾಣ ಉಳಿದೀತೆ?’ ಎಂಬ ಅರ್ಥದ ಶೀರ್ಷಿಕೆಯ ವರದಿಯೊಂದನ್ನು ಜನರ ಮುಂದಿಟ್ಟಿತು. ಅದರ ಬೆನ್ನಿಗೇ ಬಂದ ನಿಯಮ ‘ಎ-60’. ಕೃಷಿ ವಲಯದಲ್ಲಿ 60 ಎಕರೆಗೆ ಒಂದು ಮನೆಗಿಂತ ಹೆಚ್ಚು ಕಟ್ಟುವಂತಿಲ್ಲ. 1973ರ ಮಹಾಯೋಜನೆ ಕೌಂಟಿಯನ್ನು ಮೂರು ಪಟ್ಟಿಗಳಾಗಿ ಗುರುತಿಸಿತು: ಹೆದ್ದಾರಿಯ ಬದಿಗೆ ಪಟ್ಟಣ, ನಡುವೆ ಕೃಷಿ, ಪಶ್ಚಿಮಕ್ಕೆ ಕಡಲತೀರ.

ಪಟ್ಟಣದ ಪರಿಸರಪ್ರಿಯರು ಸಂತೋಷಪಟ್ಟರು. ರೈತರಲ್ಲಿ ಅನೇಕರು ಸಿಟ್ಟಾದರು. ಅವರ ಸಿಟ್ಟಿಗೆ ಕಾರಣವಿತ್ತು. ಹಾಲಿನಿಂದ ಬರುವ ಆದಾಯ ಹೊಟ್ಟೆಗೂ ಸಾಲದ ಕಾಲದಲ್ಲಿ, ಜಮೀನಿನ ಬೆಲೆಯೇ ಅವರ ಪಿಂಚಣಿ, ಅದೇ ಮಕ್ಕಳ ಹಿಸ್ಸೆ, ಅದೇ ಬ್ಯಾಂಕಿನ ಅಡಮಾನ. ಮೇಜಿನ ಆಚೆ ಕುಳಿತವರು ಒಂದು ಮತದಿಂದ ಅದನ್ನೆಲ್ಲ ಇಳಿಸಿಬಿಟ್ಟರೆಂದು ಅವರಿಗೆ ಅನ್ನಿಸಿತು. ನೋಟ ಚೆಂದವಾಗಿ ಉಳಿಯಬೇಕೆನ್ನುವವರು ಪಟ್ಟಣದವರು, ಅದರ ನಷ್ಟ ಹೊರುವವರು ಮಾತ್ರ ತಾವು ಎಂಬುದು ರೈತರ ದೂರು. 1976-77ರ ಭೀಕರ ಬರ ಮೇಯಲು ಹುಲ್ಲಿಲ್ಲದಂತೆ, ಹೊಂಡಗಳಲ್ಲಿ ನೀರಿಲ್ಲದಂತೆ ಮಾಡಿ ಅವರನ್ನು ಇನ್ನಷ್ಟು ಹಣ್ಣುಮಾಡಿತು. ನಿಯಮ ಮಾಡಿದ ಆಡಳಿತ ನಾಳೆ ಬಹುಮತದಿಂದ ಅದನ್ನು ತೆಗೆದೂ ಹಾಕಬಹುದು ಎಂಬುದು ಎರಡೂ ಕಡೆಯವರಿಗೂ ಗೊತ್ತಿತ್ತು. ಶಾಶ್ವತವಾದುದೊಂದು ಬೇಕಿತ್ತು, ಮತ್ತು ಅದು ರೈತನ ಕೈಗೆ ಹಣ ಕೊಡುವಂತಿರಬೇಕಿತ್ತು.

ಇಬ್ಬರು ಗೆಳತಿಯರು

ಆ ಉಪಾಯ ಹೊಳೆದದ್ದು ಇಬ್ಬರು ಮಹಿಳೆಯರಿಗೆ.

ಎಲೆನ್ ಸ್ಟ್ರೌಸ್ ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮಿನ ಯಹೂದಿ ಕುಟುಂಬದಲ್ಲಿ. 1940ರಲ್ಲಿ ನಾತ್ಸಿಗಳಿಂದ ಮನೆಯವರೊಂದಿಗೆ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದವರು. ಅವರ ಪತಿ ಬಿಲ್ ಸ್ಟ್ರೌಸ್ ಜರ್ಮನಿಯ ಹ್ಯಾಂಬರ್ಗಿನಿಂದ ಬಂದವರು. 1941ರಲ್ಲಿ ಟೊಮಾಲೆಸ್ ಕೊಲ್ಲಿಯ ದಡದ ಮಾರ್ಷಲ್ ಎಂಬ ಪುಟ್ಟ ಊರಿನಲ್ಲಿ 23 ಜರ್ಸಿ ಹಸುಗಳೊಂದಿಗೆ ಡೈರಿ ಆರಂಭಿಸಿದ್ದರು. ಬೇರು ಕಿತ್ತುಕೊಂಡು ಬಂದ ಈ ದಂಪತಿಗೆ ಕಾಲೂರಲು ಸಿಕ್ಕ ನೆಲ ಅದು. ರೇಚಲ್ ಕಾರ್ಸನ್ನರ ‘ಸೈಲೆಂಟ್ ಸ್ಪ್ರಿಂಗ್’ ಓದಿ ಪ್ರಭಾವಿತರಾದ ಎಲೆನ್, ಹಾಲು ಕರೆಯುವ ಮನೆಯ ಹೆಣ್ಣಾಗಿದ್ದೂ ಪರಿಸರ ಸಂಘಗಳ ಸಭೆಗಳಲ್ಲಿ ಮುಂದೆ ನಿಂತು ಮಾತನಾಡುತ್ತಿದ್ದರು. ರೈತರ ಸಭೆಗಳಲ್ಲೂ ಅವರ ಮಾತಿಗೆ ಬೆಲೆಯಿತ್ತು.

ಫಿಲ್ಲಿಸ್ ಫೇಬರ್ ಜೀವಶಾಸ್ತ್ರಜ್ಞೆ. ಜೌಗು ನೆಲಗಳ ಸಸ್ಯಗಳು ಅವರ ಅಧ್ಯಯನದ ವಿಷಯ. 1972ರ ಜನಮತದಿಂದ ಕ್ಯಾಲಿಫೋರ್ನಿಯಾದಲ್ಲಿ ಕರಾವಳಿ ಆಯೋಗಗಳು ರಚನೆಯಾದಾಗ ಅವುಗಳಲ್ಲೊಂದಾದ ಪ್ರಾದೇಶಿಕ ಆಯೋಗದ ಮೊದಲ ಸದಸ್ಯರ ಪೈಕಿ ಅವರೂ ಒಬ್ಬರು. ನೆಲದ ಬಗ್ಗೆ ಕಾನೂನು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಅವರು ಹತ್ತಿರದಿಂದ ಕಂಡಿದ್ದರು.

ಒಬ್ಬರದು ಕೊಟ್ಟಿಗೆಯ ಅನುಭವ, ಇನ್ನೊಬ್ಬರದು ಪ್ರಯೋಗಾಲಯ ಮತ್ತು ಆಯೋಗದ ಅನುಭವ. ಅವರಿಬ್ಬರ ಗೆಳೆತನವೇ ಸಂಸ್ಥೆಯ ರಚನೆಗೆ ಮಾದರಿಯಾಯಿತು. ಟ್ರಸ್ಟಿನ ಮಂಡಳಿಯಲ್ಲಿ ಅರ್ಧ ಜನ ಕೃಷಿಕರು, ಇನ್ನರ್ಧ ಪರಿಸರ ಮತ್ತು ಸಾರ್ವಜನಿಕ ಕ್ಷೇತ್ರದವರು. ಮೊದಲ ಅಧ್ಯಕ್ಷರಾಗಿ ಬಂದವರು ನೊವಾಟೊದ ಡೈರಿ ರೈತ ರಾಲ್ಫ್ ಗ್ರಾಸಿ. ಅವರು ಕೌಂಟಿಯ ರೈತ ಸಂಘದ ಅಧ್ಯಕ್ಷರಾಗಿದ್ದವರು, ಮೂರನೇ ತಲೆಮಾರಿನ ಹೈನುಗಾರ. ಅಂಥವರು ಮುಂದೆ ನಿಂತಾಗ, ಇದು ಪಟ್ಟಣದವರು ಹೂಡಿದ ಇನ್ನೊಂದು ಹುನ್ನಾರ ಎಂಬ ಮಾತಿಗೆ ಬಲ ಉಳಿಯಲಿಲ್ಲ. ಗ್ರಾಸಿ 1985ರಲ್ಲಿ ರಾಷ್ಟ್ರಮಟ್ಟದ ಅಮೆರಿಕನ್ ಫಾರ್ಮ್‌ಲ್ಯಾಂಡ್ ಟ್ರಸ್ಟಿನ ಅಧ್ಯಕ್ಷರಾಗಿ ಹೋದರು, 2008ರವರೆಗೂ ಆ ಹೊಣೆ ಹೊತ್ತರು. ಮರಿನ್‌ನಲ್ಲಿ ಕಲಿತದ್ದನ್ನು ದೇಶಕ್ಕೆ ಒಯ್ದರು. ಇತ್ತ ಟ್ರಸ್ಟಿನ ದಿನನಿತ್ಯದ ಆಡಳಿತವನ್ನು ಕಾರ್ಯನಿರ್ವಾಹಕ ನಿರ್ದೇಶಕ ಬಾಬ್ ಬರ್ನರ್ ಬಹುಕಾಲ ನಡೆಸಿ, ಬರೀ ಆಸೆಯಾಗಿದ್ದುದನ್ನು ಸಂಸ್ಥೆಯಾಗಿ ನಿಲ್ಲಿಸಿದರು.

ಕಟ್ಟುವ ಹಕ್ಕಿನ ಕ್ರಯ

ಟ್ರಸ್ಟ್ ಸಾಮಾನ್ಯವಾಗಿ ಜಮೀನನ್ನು ಕೊಳ್ಳುವುದಿಲ್ಲ. ಜಮೀನಿನ ಮೇಲೆ ಕಟ್ಟಡ ಕಟ್ಟುವ, ತುಂಡು ಮಾಡಿ ಮಾರುವ ಹಕ್ಕನ್ನಷ್ಟೇ ಕೊಳ್ಳುತ್ತದೆ. ಈ ಕರಾರಿಗೆ ಅಲ್ಲಿ ‘ಕನ್ಸರ್ವೇಶನ್ ಈಸ್‌ಮೆಂಟ್’ ಎನ್ನುತ್ತಾರೆ. ಸಂರಕ್ಷಣಾ ಕರಾರು ಎಂದರೆ ನಮಗೆ ಅರ್ಥವಾದೀತು.

ಲೆಕ್ಕ ಸರಳ. ಸ್ವತಂತ್ರ ಮೌಲ್ಯಮಾಪಕರು ಜಮೀನಿಗೆ ಎರಡು ಬೆಲೆ ಕಟ್ಟುತ್ತಾರೆ. ಒಂದು, ಯಾವ ಕಟ್ಟುಪಾಡೂ ಇಲ್ಲದೆ ಪೇಟೆಯಲ್ಲಿ ಸಿಗುವ ಬೆಲೆ. ಇನ್ನೊಂದು, ಎಂದೆಂದಿಗೂ ಕೃಷಿಗೆ ಮಾತ್ರ ಎಂಬ ಷರತ್ತು ಬಿದ್ದ ಮೇಲಿನ ಬೆಲೆ. ಉದಾಹರಣೆಗೆ ಮೊದಲನೆಯದು 10 ರೂಪಾಯಿ, ಎರಡನೆಯದು 6 ರೂಪಾಯಿ ಎಂದಾದರೆ ನಡುವಿನ 4 ರೂಪಾಯಿ ರೈತನಿಗೆ ಸಿಗುತ್ತದೆ. ಜಮೀನು ಅವನ ಹೆಸರಿನಲ್ಲೇ ಇರುತ್ತದೆ. ಉಳಬಹುದು, ಮೇಯಿಸಬಹುದು, ಮಕ್ಕಳಿಗೆ ಬಿಡಬಹುದು, ಬೇಕಾದರೆ ಮಾರಲೂಬಹುದು. ಆದರೆ ಕರಾರು ಕೌಂಟಿಯ ದಾಖಲೆಯಲ್ಲಿ ನೋಂದಣಿಯಾಗಿ ಜಮೀನಿಗೇ ಅಂಟಿಕೊಂಡಿರುತ್ತದೆ. ಮುಂದೆ ಯಾರು ಕೊಂಡರೂ ಅದಕ್ಕೆ ಬದ್ಧರು. ಕ್ಯಾಲಿಫೋರ್ನಿಯಾದ 1965ರ ವಿಲಿಯಮ್ಸನ್ ಕಾಯಿದೆ ರೈತರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟು ಹತ್ತು ವರ್ಷದ ಒಪ್ಪಂದ ಮಾಡಿಕೊಳ್ಳುತ್ತಿತ್ತು. ಟ್ರಸ್ಟಿನ ಕರಾರಿಗೆ ಅವಧಿಯೇ ಇಲ್ಲ.

ಮೊದಲ ಕರಾರು 1983ರಲ್ಲಿ ಆಯಿತು. ಮೂರು ವರ್ಷ ಹಿಡಿದದ್ದು ಸೋಜಿಗವೇನಲ್ಲ. ‘ಎಂದೆಂದಿಗೂ’ ಎಂಬ ಮಾತಿಗೆ ಸಹಿ ಹಾಕುವಾಗ ಯಾವ ರೈತನ ಕೈಯೂ ತಡೆಯುತ್ತದೆ. ತಾನು ಒಪ್ಪಿದ್ದು ಮೊಮ್ಮಗನನ್ನು ಕಟ್ಟಿಹಾಕೀತೆ ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಆದರೆ ಕರಾರಿನ ಹಣದಿಂದ ಆದ ಉಪಕಾರ ನೆರೆಯವರ ಕಣ್ಣಿಗೆ ಬೀಳತೊಡಗಿತು. ಅಣ್ಣತಮ್ಮಂದಿರಲ್ಲಿ ಒಬ್ಬ ಊರಲ್ಲಿ ನಿಂತು ಉಳಿದವರು ನಗರ ಸೇರಿದಾಗ, ಹೋದವರ ಹಿಸ್ಸೆಯ ಹಣ ಕೊಡಲಿಕ್ಕಾಗಿಯೇ ಜಮೀನು ಮಾರಿಹೋಗುವುದು ಅಲ್ಲೂ ಉಂಟು, ಇಲ್ಲೂ ಉಂಟು. ಟ್ರಸ್ಟಿನ ಹಣ ಆ ಪಾಲನ್ನು ತೀರಿಸಿತು. ಹಳೆಯ ಸಾಲ ಚುಕ್ತವಾಯಿತು. ಕೊಟ್ಟಿಗೆ ರಿಪೇರಿಯಾಯಿತು. ತಂದೆ ಸತ್ತಾಗ ಬೀಳುವ ಆಸ್ತಿ ತೆರಿಗೆಯ ಹೊರೆಯೂ ಹಗುರಾಯಿತು, ಏಕೆಂದರೆ ಕರಾರು ಬಿದ್ದ ಜಮೀನಿನ ಬೆಲೆ ಕಡಿಮೆ.

ಇಷ್ಟಕ್ಕೆಲ್ಲ ದುಡ್ಡು ಬೇಕು. ರಾಜ್ಯದ ಕರಾವಳಿ ಸಂರಕ್ಷಣಾ ಸಂಸ್ಥೆಯ ಅನುದಾನ, ಊರವರ ದೇಣಿಗೆ ಆರಂಭದ ದಿನಗಳ ಆಧಾರ. 1988ರ ಜೂನ್‌ನಲ್ಲಿ ದೊಡ್ಡ ತಿರುವು ಬಂತು. ನಾಗರಿಕರೇ ಸಹಿ ಸಂಗ್ರಹಿಸಿ ಮತಕ್ಕೆ ತಂದ ಪ್ರಸ್ತಾವ 70 ಗೆದ್ದಿತು. 77.6 ಕೋಟಿ ಡಾಲರಿನ ಆ ಸಾಲಪತ್ರ ಯೋಜನೆಯಲ್ಲಿ 1.5 ಕೋಟಿ ಡಾಲರ್ ಮರಿನ್‌ನ ಕೃಷಿಭೂಮಿಗೆ ಮೀಸಲಾಗಿತ್ತು. ಮುಂದಿನ ವರ್ಷಗಳಲ್ಲಿ ಟ್ರಸ್ಟ್ ಸಾಲಾಗಿ ಜಮೀನುಗಳನ್ನು ಕಾಪಿಗೆ ಸೇರಿಸಿಕೊಳ್ಳಲು ಸಾಧ್ಯವಾದದ್ದು ಈ ಹಣದಿಂದ. ಒಂದರ ಪಕ್ಕಕ್ಕೆ ಒಂದು ಜಮೀನು ಉಳಿದಾಗಲೇ ಮೇವಿನ ಅಂಗಡಿ, ಪಶುವೈದ್ಯ, ಹಾಲಿನ ಟ್ಯಾಂಕರು ಆ ದಾರಿಯಲ್ಲಿ ಉಳಿಯುತ್ತವೆ. ಒಂಟಿ ಡೈರಿ ಹೆಚ್ಚು ಕಾಲ ಬಾಳುವುದಿಲ್ಲ.

ಗಾಜಿನ ಬಾಟಲಿಯ ಹಾಲು

ನೆಲ ಉಳಿದರೆ ಸಾಲದು, ಅದರ ಮೇಲಿನ ಬದುಕು ಗಿಟ್ಟಬೇಕು. ಸ್ಟ್ರೌಸ್ ದಂಪತಿಯ ಮಗ ಆಲ್ಬರ್ಟ್ ಅದಕ್ಕೊಂದು ದಾರಿ ತೋರಿದರು. 1994ರಲ್ಲಿ ಅವರ ಡೈರಿ ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಸಾವಯವ ಪ್ರಮಾಣಪತ್ರ ಪಡೆದ ಮೊದಲ ಡೈರಿಯಾಯಿತು. ಹಾಲನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಖಾಲಿ ಬಾಟಲಿ ಮರಳಿ ಕೊಟ್ಟವರಿಗೆ ಠೇವಣಿ ಹಿಂತಿರುಗಿಸುವ ಕ್ರಮ ಇಂದಿಗೂ ಇದೆ. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಅಂಗಡಿಗಳಿಂದ ಆ ಹಾಲು ತಂದು ಹೆಪ್ಪು ಹಾಕುವ ಕನ್ನಡದ ಮನೆಗಳೂ ಇವೆ. ಸಾವಯವ ಹಾಲಿಗೆ ದರ ಹೆಚ್ಚು ಸಿಕ್ಕಿದ್ದರಿಂದ ನೆರೆಯ ಡೈರಿಗಳೂ ಅದೇ ದಾರಿ ಹಿಡಿದವು. ಮರಿನ್‌ನ ಬಹುಪಾಲು ಡೈರಿಗಳು ಈಗ ಸಾವಯವ.

ಇನ್ನೊಂದು ದಾರಿ ಚೀಸ್. ಪಾಯಿಂಟ್ ರೇಯ್ಸ್ ಬಳಿಯ ಜಿಯಾಕೊಮಿನಿ ಕುಟುಂಬ 1959ರಿಂದ ಹಾಲು ಮಾರುತ್ತಿತ್ತು. 2000ದಲ್ಲಿ ಆ ಮನೆಯ ಹೆಣ್ಣುಮಕ್ಕಳು ತಂದೆಯೊಂದಿಗೆ ಸೇರಿ ತಮ್ಮ ಹಸುಗಳ ಹಾಲಿನಿಂದಲೇ ನೀಲಿ ಗೆರೆಯ ಚೀಸ್ ಮಾಡತೊಡಗಿದರು. ಆ ಜಮೀನೂ ಟ್ರಸ್ಟಿನ ಕರಾರಿಗೆ ಒಳಪಟ್ಟಿದೆ. ಓದಿ ಹೊರಗೆ ಹೋಗಿದ್ದ ಮಕ್ಕಳು ಹಟ್ಟಿಗೆ ಮರಳಿ ಬರುವುದು ಯಾವ ದೇಶದ ಹಳ್ಳಿಗೂ ಅಪರೂಪದ ಸುದ್ದಿ.

ಸಿಗಡಿ ಉಳಿಸಿದ ಮಕ್ಕಳು

ಮರಿನ್‌ನಲ್ಲಿ ಶಾಲೆಯ ಮಕ್ಕಳು ರೈತನ ಹೊಲಕ್ಕೆ ಸಸಿ ಹೊತ್ತು ಹೋಗುವುದು ಈಗ ರೂಢಿ. ಅದರ ಮೂಲ 1992ರಲ್ಲಿದೆ. ಸ್ಯಾನ್ ಆನ್ಸೆಲ್ಮೊ ಊರಿನ ಬ್ರೂಕ್‌ಸೈಡ್ ಶಾಲೆಯ ನಾಲ್ಕನೇ ತರಗತಿಯಲ್ಲಿ ಶಿಕ್ಷಕಿ ಲಾರೆಟ್ ರಾಜರ್ಸ್ ಮಳೆಕಾಡಿನ ಬಗ್ಗೆ ಚಿತ್ರವೊಂದನ್ನು ತೋರಿಸಿದರು. ಅಳಿವಿನಂಚಿನ ಜೀವಿಗಳನ್ನು ಉಳಿಸಲು ನಾವೇನು ಮಾಡಬಹುದು ಎಂದು ಮಕ್ಕಳು ಕೇಳಿದರು. ಶಿಕ್ಷಕಿ ಆ ಪ್ರಶ್ನೆಯನ್ನು ತೇಲಿಸಿಬಿಡಲಿಲ್ಲ. ಮರಿನ್ ಮತ್ತು ಸೊನೋಮ ಕೌಂಟಿಗಳ ಗಡಿಯಲ್ಲಿ ಹರಿಯುವ ಸ್ಟೆಂಪಲ್ ಕ್ರೀಕ್ ಹಳ್ಳದಲ್ಲಿ ಕ್ಯಾಲಿಫೋರ್ನಿಯಾದ ಸಿಹಿನೀರಿನ ಸಿಗಡಿಯೊಂದು ಇದೆ. 1988ರಲ್ಲಿ ಕೇಂದ್ರ ಸರ್ಕಾರ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತ್ತು. ಮಕ್ಕಳು ಆ ಎರಡಂಗುಲದ ಜೀವಿಯನ್ನೇ ಆರಿಸಿಕೊಂಡರು.

ಹಳ್ಳ ಇದ್ದದ್ದು ಖಾಸಗಿ ಜಮೀನಿನಲ್ಲಿ. ಹಸುಗಳು ನೀರಿಗಿಳಿದು ದಂಡೆ ಕುಸಿದಿತ್ತು. ನೆರಳು ಕೊಡುವ ಗಿಡವಿಲ್ಲದೆ ನೀರು ಕಾದು ಸಿಗಡಿಗೆ ನೆಲೆ ತಪ್ಪಿತ್ತು. ಅಳಿವಿನಂಚಿನ ಜೀವಿ ತನ್ನ ಹೊಲದಲ್ಲಿದೆ ಎಂದರೆ ಸರ್ಕಾರದ ಕಟ್ಟುಪಾಡು ಬಂದೀತೆಂದು ರೈತ ಹೆದರುವುದು ಸಹಜ. ಆದರೂ ಒಬ್ಬ ಡೈರಿ ರೈತ ಮಕ್ಕಳಿಗೆ ಬೇಲಿಯ ಬಾಗಿಲು ತೆರೆದರು. ಮಕ್ಕಳು ದಂಡೆಯಲ್ಲಿ ವಿಲೋ ಕಡ್ಡಿಗಳನ್ನು ನೆಟ್ಟರು. ದನ ಹೋಗದಂತೆ ಬೇಲಿ ಬಂತು. ಕಡ್ಡಿಗಳು ಬೇರು ಬಿಟ್ಟು ಪೊದೆಯಾಗಿ, ಪೊದೆ ಮರವಾಗಿ ಹಳ್ಳಕ್ಕೆ ನೆರಳಾಯಿತು.

ಆ ಒಂದು ತರಗತಿಯ ಕೆಲಸ ‘ಸ್ಟ್ರಾ’ ಎಂಬ ಹೆಸರಿನಲ್ಲಿ ಬೆಳೆಯಿತು. ಈಗ ಅದನ್ನು ನಡೆಸುವುದು ಪಾಯಿಂಟ್ ಬ್ಲೂ ಸಂಸ್ಥೆ. ಟ್ರಸ್ಟ್ ತನ್ನ ಕರಾರಿನ ಜಮೀನುಗಳಲ್ಲಿ ಹಳ್ಳದ ಬೇಲಿ, ದನಗಳಿಗೆ ಬೇರೆ ಕಡೆ ನೀರಿನ ತೊಟ್ಟಿ, ಕೊರಕಲು ತಡೆಯುವ ನೆಡುತೋಪುಗಳಿಗೆ ಇಂಥ ಜೊತೆಗಾರರೊಂದಿಗೆ ಕೈಜೋಡಿಸುತ್ತದೆ. ಕೊಲ್ಲಿಗೆ ಹರಿಯುವ ಹಳ್ಳಗಳ ನೀರು ತಿಳಿಯಾದರೆ ಕೆಳಗೆ ಟೊಮಾಲೆಸ್ ಕೊಲ್ಲಿಯ ಸಿಂಪಿ ಸಾಕಣೆಗೂ ಒಳ್ಳೆಯದು. ಬೆಟ್ಟದ ಹೈನುಗಾರನಿಗೂ ಕೊಲ್ಲಿಯ ಸಿಂಪಿಗಾರನಿಗೂ ಇರುವ ಈ ನಂಟನ್ನು ಮಕ್ಕಳು ಪಠ್ಯದಲ್ಲಿ ಓದಿ ಕಲಿತದ್ದಲ್ಲ, ಕಾಲು ಕೆಸರು ಮಾಡಿಕೊಂಡು ಕಲಿತದ್ದು.

ಅರ್ಧ ಅಂಗುಲ ಕಾಂಪೋಸ್ಟ್

2008ರ ಹೊತ್ತಿಗೆ ಇನ್ನೊಂದು ಪ್ರಯೋಗ ಆರಂಭವಾಯಿತು. ನಿಕಾಸಿಯೊ ಬಳಿಯ ಹುಲ್ಲುಗಾವಲಿನಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಮಣ್ಣು ವಿಜ್ಞಾನಿ ವೆಂಡಿ ಸಿಲ್ವರ್ ಮತ್ತು ಅವರ ತಂಡ ನೆಲದ ಮೇಲೆ ಅರ್ಧ ಅಂಗುಲದಷ್ಟು ಕಾಂಪೋಸ್ಟ್ ಹರಡಿದರು. ಹರಡಿದ್ದು ಒಂದೇ ಸಲ, ಅಳೆದದ್ದು ವರ್ಷಗಟ್ಟಲೆ. ಹುಲ್ಲು ಹುಲುಸಾಯಿತು, ಮಣ್ಣು ನೀರನ್ನು ಹೆಚ್ಚು ಹಿಡಿದುಕೊಂಡಿತು, ಹೆಕ್ಟೇರಿಗೆ ವರ್ಷಕ್ಕೆ ಸುಮಾರು 1 ಟನ್ನಿನಷ್ಟು ಹೆಚ್ಚುವರಿ ಇಂಗಾಲ ನೆಲಕ್ಕೆ ಸೇರಿದ್ದು ಕಂಡುಬಂತು. ಮರಿನ್ ಕಾರ್ಬನ್ ಪ್ರಾಜೆಕ್ಟ್ ಎಂಬ ಹೆಸರಿನ ಈ ಕೆಲಸದಲ್ಲಿ ಟ್ರಸ್ಟ್ ಕೂಡ ಪಾಲುದಾರ. ಹುಲ್ಲುಗಾವಲನ್ನು ಹುಲ್ಲುಗಾವಲಾಗಿ ಉಳಿಸಲು ಇನ್ನೊಂದು ಕಾರಣ ಇದರಿಂದ ಸಿಕ್ಕಿತು.

2021ರಲ್ಲಿ ಮತ್ತೆ ಬರ ಬಂತು. ಹೊಂಡಗಳು ತಳ ಕಂಡವು. ರೈತರು ಟ್ಯಾಂಕರಿನಲ್ಲಿ ನೀರು ತರಿಸಿದರು, ದನ ಮಾರಿದರು. ಟ್ರಸ್ಟ್ ಆ ವರ್ಷ ಬರ ನಿಭಾಯಿಸಲೆಂದೇ ಪ್ರತ್ಯೇಕ ಅನುದಾನ ಯೋಜನೆ ತೆರೆದು ತೊಟ್ಟಿ, ಪೈಪು, ಬುಗ್ಗೆಗಳ ದುರಸ್ತಿಗೆ ಹಣ ಕೊಟ್ಟಿತು. ಭೂಮಿಯ ಕಾಗದ ಕಾಯುವ ಸಂಸ್ಥೆ ಭೂಮಿಯ ನೀರನ್ನೂ ನೋಡಿಕೊಳ್ಳಬೇಕಾದ ಕಾಲ ಬಂದಿತ್ತು.

ಎಡವಿದಾಗ

ನಲವತ್ತು ವರ್ಷಗಳ ದಾರಿ ನುಣುಪಾಗಿರಲಿಲ್ಲ. ಮೊದಮೊದಲ ಕರಾರುಗಳು ಕಟ್ಟುವುದನ್ನು ತಡೆದವೇ ಹೊರತು ಕೃಷಿ ಮಾಡಲೇಬೇಕೆಂದು ಹೇಳಿರಲಿಲ್ಲ. ನಗರದ ಸಿರಿವಂತರು ಬೆಟ್ಟದ ನೋಟಕ್ಕೆ ಮನಸೋತು, ರೈತ ಕೊಡಲಾರದ ಬೆಲೆಗೆ ಇಂಥ ಜಮೀನು ಕೊಂಡು, ಹಸುಗಳಿಲ್ಲದ ಬಂಗಲೆಯ ತೋಟ ಮಾಡಿಕೊಳ್ಳುವ ಸಾಧ್ಯತೆ ಉಳಿದಿತ್ತು. 2010ರ ನಂತರ ಟ್ರಸ್ಟ್ ತನ್ನ ಕರಾರುಗಳಿಗೆ ಹೊಸ ಷರತ್ತು ಸೇರಿಸಿತು: ಜಮೀನಿನಲ್ಲಿ ಕೃಷಿ ನಡೆಯಲೇಬೇಕು. ಹಳೆಯ ಕರಾರುಗಳಿಗೂ ಹೆಚ್ಚಿನ ಹಣ ಕೊಟ್ಟು ಈ ಷರತ್ತು ಸೇರಿಸುವ ಕೆಲಸ ನಡೆಯಿತು.

2012ರ ನವೆಂಬರಿನಲ್ಲಿ ಮರಿನ್‌ನ ಮತದಾರರು ಮಾರಾಟದ ಮೇಲೆ ಡಾಲರಿಗೆ ಕಾಲು ಸೆಂಟು ಹೆಚ್ಚುವರಿ ತೆರಿಗೆಗೆ ಒಪ್ಪಿ, ಅದರಲ್ಲಿ ಶೇ. 20ರಷ್ಟನ್ನು ಕೃಷಿಭೂಮಿಗೆ ಕೊಟ್ಟಿದ್ದರು. ಸಾರ್ವಜನಿಕ ಹಣ ಬಂದ ಮೇಲೆ ಸಾರ್ವಜನಿಕ ಪ್ರಶ್ನೆಯೂ ಬರುತ್ತದೆ. ಮಂಡಳಿಯಲ್ಲಿರುವ ರೈತರ ಜಮೀನಿಗೇ ಟ್ರಸ್ಟ್ ಹಣ ಕೊಟ್ಟರೆ ಅದು ನ್ಯಾಯವೇ? ಸಂಸ್ಥೆಯ ಬಲವಾಗಿದ್ದ ರೈತರ ಪಾಲುಗಾರಿಕೆಯೇ ಈಗ ಪರೀಕ್ಷೆಗೆ ಬಂತು. ಮಂಡಳಿಯ ಸದಸ್ಯರಿಗೆ ಸಂಬಂಧಿಸಿದ ಒಂದು ಜಮೀನಿನ ವಹಿವಾಟಿನಲ್ಲಿ, ಮೊದಲೇ ಆಗಿದ್ದ ಮೌಲ್ಯಮಾಪನದ ವಿವರ ಕೌಂಟಿಗೆ ತಿಳಿಸಿರಲಿಲ್ಲ ಎಂಬುದು ಹೊರಬಿದ್ದು, 2020ರಲ್ಲಿ ಟ್ರಸ್ಟ್ 8 ಲಕ್ಷ ಡಾಲರಿಗೂ ಹೆಚ್ಚಿನ ಅನುದಾನವನ್ನು ಹಿಂತಿರುಗಿಸಿತು. ಸಂಸ್ಥೆಯ ಚರಿತ್ರೆಯಲ್ಲಿ ಇದನ್ನು ಬಿಟ್ಟು ಬರೆಯುವುದು ಸರಿಯಲ್ಲ. ಹಣ ಮರಳಿತು, ಆದರೆ ನಂಬಿಕೆ ಮರಳಿ ಗಳಿಸಲು ಹೊತ್ತು ಹಿಡಿಯುತ್ತದೆ. 2022ರ ಜೂನ್‌ನಲ್ಲಿ ತೆರಿಗೆಯ ಪ್ರಸ್ತಾವ ಮತ್ತೆ ಮತಕ್ಕೆ ಬಂದಾಗ ಬೇಕಾದ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮತ ಸಿಕ್ಕಿತು. ಕೃಷಿಭೂಮಿಯ ಪಾಲು ಮಾತ್ರ ಮೊದಲಿಗಿಂತ ಕಡಿಮೆಯಾಗಿತ್ತು.

ಎರಡು ಬೇಲಿ, ಎರಡು ದಾರಿ

ಟ್ರಸ್ಟಿನ ಕೆಲಸದ ಬೆಲೆ ಏನೆಂದು 2025ರ ಜನವರಿ ತೋರಿಸಿಕೊಟ್ಟಿತು. ಪಾಯಿಂಟ್ ರೇಯ್ಸ್ ರಾಷ್ಟ್ರೀಯ ಕಡಲತೀರದ ಒಳಗಿನ ಜಮೀನುಗಳನ್ನು ಕೇಂದ್ರ ಸರ್ಕಾರ ಹಿಂದೆಯೇ ಕೊಂಡು, ಅವೇ ಕುಟುಂಬಗಳಿಗೆ ಗುತ್ತಿಗೆ ಕೊಟ್ಟಿತ್ತು. ಪರಿಸರ ಸಂಘಟನೆಗಳ ಮೊಕದ್ದಮೆ, ವರ್ಷಗಳ ಮಾತುಕತೆಯ ನಂತರ ಅಲ್ಲಿನ 12 ಡೈರಿ ಮತ್ತು ದನಗಾಹಿ ವಹಿವಾಟುಗಳವರು ಪರಿಹಾರ ಪಡೆದು ತೆರಳಲು ಒಪ್ಪಿದರು. ನೂರೈವತ್ತು ವರ್ಷಗಳ ಹೈನುಗಾರಿಕೆಯ ಬಹುಭಾಗ ಆ ಬೇಲಿಯೊಳಗೆ ಮುಗಿಯುವುದು ಖಚಿತವಾಯಿತು. ಬೇಲಿಯ ಈಚೆ, ಕೊಲ್ಲಿಯ ಪೂರ್ವಕ್ಕೆ, ಟ್ರಸ್ಟಿನ ಕರಾರಿನ ಜಮೀನುಗಳಲ್ಲಿ ಮಾಲೀಕ ರೈತನೇ. ಅಲ್ಲಿ ಹಾಲು ಕರೆಯುವುದು ನಿಂತಿಲ್ಲ. ವನ್ಯಜೀವಿಗೆ ಮೀಸಲಾದ ನೆಲವೂ ಬೇಕು, ದುಡಿಮೆಗೆ ಮೀಸಲಾದ ನೆಲವೂ ಬೇಕು. ಆದರೆ ಎರಡನೆಯದನ್ನು ಗುತ್ತಿಗೆಯ ಮೇಲೆ ಉಳಿಸಲಾಗದು, ಮಾಲ್ಕಿಯ ಮೇಲಷ್ಟೇ ಉಳಿಸಬಹುದು ಎಂಬುದನ್ನು ಎಲೆನ್ ಮತ್ತು ಫಿಲ್ಲಿಸ್ 1980ರಲ್ಲೇ ಅರಿತಿದ್ದರು.

ಎಲೆನ್ ಸ್ಟ್ರೌಸ್ 2002ರಲ್ಲಿ ತೀರಿಕೊಂಡರು, ಫಿಲ್ಲಿಸ್ ಫೇಬರ್ 2023ರಲ್ಲಿ. ಅವರು ಆರಂಭಿಸಿದ ಟ್ರಸ್ಟ್ 80ಕ್ಕೂ ಹೆಚ್ಚು ಹಿಡುವಳಿಗಳಲ್ಲಿ 54,000 ಎಕರೆಗೂ ಹೆಚ್ಚು ನೆಲವನ್ನು ಶಾಶ್ವತವಾಗಿ ಕೃಷಿಗೆ ಉಳಿಸಿದೆ.

ಇನ್ನು ನಮ್ಮಲ್ಲಿಗೆ ಬಂದರೆ, ಕರ್ನಾಟಕದಲ್ಲಿ 2020ರ ತಿದ್ದುಪಡಿಯಿಂದ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ಹೋದವು. ಕೃಷಿಕರಲ್ಲದವರೂ ಈಗ ಕೃಷಿಭೂಮಿ ಕೊಳ್ಳಬಹುದು. ನಗರಗಳ ಸುತ್ತಲಿನ ರೈತನ ಮುಂದೆ ಇಂದು ಇರುವುದು 1970ರಲ್ಲಿ ಮರಿನ್‌ನ ಹೈನುಗಾರನ ಮುಂದಿದ್ದ ಪ್ರಶ್ನೆಯೇ: ಮಾರುವುದೋ, ಸಾಲದಲ್ಲಿ ಉಳಿಯುವುದೋ? ಅಲ್ಲಿ ಊರವರು ಸೇರಿ ಮೂರನೆಯ ದಾರಿ ಕಂಡುಕೊಂಡರು, ಅದಕ್ಕೆ ತಮ್ಮ ತೆರಿಗೆಯಿಂದ ಹಣ ಕೊಟ್ಟರು. ನಮ್ಮ ಕಾನೂನು ಬೇರೆ, ಹಿಡುವಳಿಗಳು ಚಿಕ್ಕವು. ಅಲ್ಲಿನ ಕರಾರನ್ನು ಹಾಗೆಯೇ ಇಲ್ಲಿಗೆ ತರಲಾಗದು. ಆದರೂ ನಮ್ಮ ಭೂ ಕಾನೂನು ಬಲ್ಲವರು, ರೈತ ಸಂಘಗಳು, ಪರಿಸರ ಬಳಗಗಳು ಒಂದೇ ಮೇಜಿಗೆ ಅರ್ಧರ್ಧ ಕುಳಿತು ನಮ್ಮದೇ ಆದ ಕರಾರೊಂದನ್ನು ರೂಪಿಸಬೇಕಾಗಿದೆ.

ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗರಲ್ಲಿ ಒಂದು ಕೋರಿಕೆ. ಟ್ರಸ್ಟ್ ವರ್ಷವಿಡೀ ತನ್ನ ಕರಾರಿನ ಜಮೀನುಗಳಿಗೆ ಸಾರ್ವಜನಿಕರ ನಡಿಗೆ, ಡೈರಿ ಭೇಟಿಗಳನ್ನು ಏರ್ಪಡಿಸುತ್ತದೆ. ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಕೊಟ್ಟಿಗೆಯ ಮುಂದೆ ನಿಂತು ರೈತರೊಂದಿಗೆ ಮಾತನಾಡಿ ಬನ್ನಿ. ಊರಿಗೆ ಬಂದಾಗ ನಿಮ್ಮ ಅಜ್ಜನ ಜಮೀನಿನ ಹಿಸ್ಸೆಯ ಮಾತು ಎದ್ದರೆ, ಅಲ್ಲಿ ಕಂಡದ್ದನ್ನು ಮನೆಯವರಿಗೆ ಹೇಳಿ.